ಮೊದಲ ನೀರು ಮಣ್ಣಿಗೆ

ಹೆಬ್ಬೆರಳಿಗೆ ಚಕ್ಕೆ ಎದ್ದ ಜಾಗ ಸಿಕ್ಕಿತು, ಸರಿ, ಇದೇ ಬೋಗುಣಿ — ಚಳಿ ಹೋಗ್ತೀನಿ ಹೋಗ್ತೀನಿ ಎಂದು ಹೇಳಿಯೂ ಹೊಸ್ತಿಲಲ್ಲೇ ನಿಂತಿದ್ದ ಕಾಲ, ಸೋಮವಾರ, ಬೆಳಗಿನ ಏಳು ಹೊಡೆದು ಅರ್ಧ ಗಂಟೆಯಾಗಿತ್ತು, ಚರ್ಚಿನ ಹಿಂದೆ ಬಟ್ಟೆ ಒಗೆಯುವ ಕೋಣೆಯಲ್ಲಿ ಅಕ್ಕ ಬಾಗಿಲ ಪಕ್ಕದ ಎನಾಮಲ್ ಬೋಗುಣಿಯ ಅಂಚಿನ ಮೇಲೆ ಕೈಯಿಟ್ಟು, ಮೊಣಕಾಲು ಏಳಲು ಒಪ್ಪುವುದನ್ನೇ ಕಾಯುತ್ತಿದ್ದಳು, ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವಷ್ಟೇ ಅವಳ ವಿದ್ಯೆ, ಅಂಚನ್ನು ಮಾತ್ರ ಬೆರಳು ಸರಾಗವಾಗಿ ಓದುತ್ತದೆ, ಕಣ್ಣನ್ನು ಈಗೀಗ ನಂಬುವ ಹಾಗಿಲ್ಲ, ಕಿಟಕಿಯ ಬೆಳಕೇ ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ ಕಾಣುತ್ತದೆ, ಹೆಬ್ಬೆರಳು ಇವತ್ತಿನವರೆಗೆ ಸುಳ್ಳು ಹೇಳಿಲ್ಲ. ಬಟ್ಟೆಗಳು ಹೊರಗೆ ತಂತಿಯ ಮೇಲೆ ಹೋಗಿ ಆಯಿತು, ನಿನ್ನೆ ಭಾನುವಾರದ ಪೂಜೆಯಲ್ಲಿ ದ್ರಾಕ್ಷಾರಸದ ಬಟ್ಟಲು ಒರೆಸಿದ ಏಳು ಚಿಕ್ಕ ಬಿಳಿ ಬಟ್ಟೆ, ಪೀಠದ ಮೇಲಿನ ಒಂದು ದೊಡ್ಡದು, ಇನ್ನುಳಿದದ್ದು ಎರಡು ಬೋಗುಣಿಯ ನೀರು ಚೆಲ್ಲುವ ಕೆಲಸ, ಒಂದರಲ್ಲಿ ಮೊದಲ ನೀರು, ಇನ್ನೊಂದರಲ್ಲಿ ಕಲೆ ತೆಗೆಯುವ ಬ್ಲೀಚಿಂಗ್ ನೀರು, ಅದು ಚರಂಡಿಗೆ — ಮೊದಲ ನೀರು ಮಣ್ಣಿಗೆ, ಮಗಳೇ, ಚರಂಡಿಗಲ್ಲ, ಅದರಲ್ಲಿ ಪ್ರಭುವಿನ ರಕ್ತದ ಹನಿ ಇದ್ದರೂ ಇರಬಹುದು, ಅವನ ರೊಟ್ಟಿಯ ಪುಡಿ ಇದ್ದರೂ ಇರಬಹುದು, ಅದನ್ನು ಬೇರು ಕುಡೀಲಿ, ಎನ್ನುತ್ತಿದ್ದಳು ಅಮ್ಮ, ಇದೇ ಕಲ್ಲಿನ ಮೇಲೆ ಕೂತು, ಅಮ್ಮನ ನಂತರ ಅಕ್ಕ, ನಲವತ್ತೊಂದು ವರ್ಷ, ಗಡಿಯಾರ ಬೇಕಾಗಿಲ್ಲ, ಸಾದಾ ನೀರಲ್ಲಿ ನೆನೆಯಲು ಮೂರು ಸಲ ಪರಲೋಕದ ತಂದೆಯ ಪ್ರಾರ್ಥನೆ, ಬ್ಲೀಚಿಂಗಿನಲ್ಲಿ ಹತ್ತು ಸಲ, ಅದಕ್ಕಿಂತ ಹೆಚ್ಚಾದರೆ ನೂಲು ಕೊಳೆಯುತ್ತದೆ, ಪ್ರಾರ್ಥನೆಯೇ ಅಳತೆ, ಅಳತೆಯೇ ಪ್ರಾರ್ಥನೆ, ಯಾವುದು ಯಾವುದೆಂದು ಅವಳು ಯಾವತ್ತೂ ಬಿಡಿಸಿ ನೋಡಿದವಳಲ್ಲ, ಆದರೆ ಎಂಟು ವಾರದಿಂದ ಅಳತೆ ತಪ್ಪುತ್ತಿದೆ, ನಮಗೆ ತಪ್ಪು ಮಾಡಿದವರನ್ನು ಎಂಬಲ್ಲಿಗೆ ಬಂದಾಗ ಆ ಸಾಲನ್ನು ಹಾರಿಸಿಬಿಡುತ್ತಾಳೆ, ಹತ್ತು ಸಲ ಹಾರಿಸಿದರೆ ಹತ್ತು ಸಾಲಿನಷ್ಟು ಬೇಗ ಬಟ್ಟೆ ಮೇಲೆ ಬರುತ್ತದೆ, ದ್ರಾಕ್ಷಾರಸದ ಗುಲಾಬಿ ನೆರಳು ಅದರಲ್ಲಿ ಉಳಿದೇ ಇರುತ್ತದೆ, ಹೊಸ ಫಾದರ್ ಮೊನ್ನೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಅಮ್ಮಾ, ನಿಮಗೂ ವಯಸ್ಸಾಯ್ತು, ಒಂದು ಮಷೀನ್ ತರಿಸೋಣ್ವಾ, ನೀವು ಆರಾಮಾಗಿ ಇರಿ, ಎಂದರು, ಆರಾಮಾಗಿ, ಆರಾಮಾಗಿ ಇರೋದು ಅಂದರೆ ಏನು ಮಾಡೋದು.

ಏಳು ಮೊಣಕಾಲೇ, ಏಳು, ಎಂಟಕ್ಕೆ ಮುಂಚೆ ಮುಗಿಸಿಬಿಡೋಣ, ಎಂಟಕ್ಕೆ ಗೋಡೆಯಾಚೆ ಗಾಡಿ ಬರುತ್ತದಂತೆ, ತಂಗಿ ಹೋಗುತ್ತಾಳಂತೆ, ಮಗಳ ಊರಿಗೆ, ಬಸ್ಸಿನಲ್ಲಿ ಎರಡು ದಿನದ ದಾರಿ, ಹೊಲಿಗೆ ಮಷೀನನ್ನೂ ಕಟ್ಟಿ ಕಳಿಸಿ ಆಯಿತಂತೆ, ಎಂದ ಮೇಲೆ ತಿರುಗಿ ಬರುವ ಪ್ರಯಾಣವಲ್ಲ, ಇದನ್ನು ಹೇಳಿದವನು ಗೋಪುರದ ಗಂಟೆ ಹೊಡೆಯುವ ಮುದುಕ, ಎಲ್ಲರ ಬಾಯಲ್ಲಿ ಗಂಟೆಯಜ್ಜ, ನೀನು ಒಂದ್ಸಲ ಹೋಗಿ ಬರೋದಲ್ವೇನೇ ಅಕ್ಕಾ, ಒಂದೇ ಹೊಟ್ಟೇಲಿ ಹುಟ್ಟಿದೋರು, ಎಂದ, ಮರ ಕೊಂದೋಳ ಮನೆಗೆ ನಾನ್ಯಾಕೆ ಹೋಗ್ಲಿ ಎಂದಳು ಇವಳು, ಹಾಗೆಂದು ಒಳಗೆ ಬಂದು ಸುಮ್ಮನೆ ಇಸ್ತ್ರಿ ಮಾಡಿದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದಳು. ಮರ — ಗೋಡೆಗೆ ಒತ್ತಿಕೊಂಡು ಬೆಳೆದ ಹಿಪ್ಪುನೇರಳೆ, ಬುಡ ಚರ್ಚಿನ ಅಂಗಳದಲ್ಲಿ, ಅರ್ಧ ಕೊಂಬೆ ಗೋಡೆಯಾಚೆ ತಂಗಿಯ ಹಿತ್ತಲಿನಲ್ಲಿ, ಅದು ಅಮ್ಮನ ಮನೆಯೇ, ತಂಗಿಗೆ ಬಂತು, ಅಕ್ಕನಿಗೆ ಬಂದದ್ದು ಅಮ್ಮನ ಕೆಲಸ, ಅದರ ಬಗ್ಗೆ ಯಾವತ್ತೂ ಜಗಳವಿರಲಿಲ್ಲ, ಅಮ್ಮ ಒಂದು ಕಡ್ಡಿ ನೆಟ್ಟು ಮೊದಲ ನೀರು ಹುಯ್ದು ಹುಯ್ದು ಬೆಳೆಸಿದ ಮರ, ಚಿಕ್ಕವರಿದ್ದಾಗ ಇಬ್ಬರೂ ಕೊಂಬೆಯ ಮೇಲೆ ಕೂತು ತಿಂದು ತಿಂದು, ನಾಲಗೆ ತೋರ್ಸೇ, ನೀನು ಮೊದ್ಲು ತೋರ್ಸು, ಎರಡೂ ಶಾಯಿ ಕುಡಿದ ಹಾಗೆ ನೇರಳೆ, ಆ ನಾಲಗೆಯೇ ದೊಡ್ಡವಳಾದ ಮೇಲೆ ಎಂಥೆಂಥ ಮಾತಾಡಿತು, ಬಿಳಿ ಅಂಗಿ ಹೊಲಿದು ಒಗೆದು ಒಣಗೋಕೆ ಹಾಕಿದ್ರೆ ನಿನ್ನ ಮರ ಅದರ ಮೇಲೆ ಕಕ್ಕುತ್ತೆ ಅಕ್ಕಾ, ಗಿರಾಕಿಗೆ ನೀನು ಉತ್ತರ ಕೊಡ್ತೀಯಾ, ಒಂದಿನ ಕುದಿಯೋ ನೀರು ಹುಯ್ದುಬಿಡ್ತೀನಿ ನೋಡ್ತಿರು — ಹೇಳಿದ್ದಳೋ ಇಲ್ಲವೋ, ಹೇಳಿದ್ದಳು, ಕಿವಿಯಾರೆ ಕೇಳಿದ್ದೇನೆ. ಹೋದ ಬೇಸಿಗೆಯಲ್ಲಿ ಎಲೆ ಅಂಚಿನಿಂದ ಹಳದಿಯಾಯಿತು, ಹಣ್ಣು ಕಾಳುಮೆಣಸಿನಷ್ಟಕ್ಕೇ ನಿಂತು ಉದುರಿತು, ಅಕ್ಕ ಬುಡ ಕೆದಕಿದಳು, ಗೊಬ್ಬರ ಹಾಕಿದಳು, ತೊಗಟೆಗೆ ಕಿವಿಯಿಟ್ಟು ಏನಾಯ್ತಪ್ಪಾ ನಿನಗೆ ಎಂದು ಕೇಳಿದಳು, ಆಮೇಲೆ ಒಂದು ಸೋಮವಾರ ಬಟ್ಟೆ ತೆಗೆಯಲು ಹೊರಗೆ ಬಂದವಳಿಗೆ ಗೋಡೆಯ ಮೇಲೆ ಒಂದು ತಲೆ, ಎರಡು ಕೈ, ಕೊಡ ಬಗ್ಗುತ್ತಿರುವುದು, ಮರದ ಬುಡಕ್ಕೆ ಏನೋ ಸುರಿಯುತ್ತಿರುವುದು, ಕಣ್ಣು ಮಂಜಾದರೂ ಅಷ್ಟು ಕಂಡಿತು, ತಂಗಿಯ ತಲೆಯೇ, ಬೇರೆ ಯಾರದ್ದಿರುತ್ತದೆ, ಕೂಗುವಷ್ಟರಲ್ಲಿ ತಲೆ ಇಳಿಯಿತು, ಗೋಡೆಯ ಮೈಮೇಲೆ ಉದ್ದಕ್ಕೆ ಒದ್ದೆ ಗೆರೆ. ಅಕ್ಕ ಆ ಭಾನುವಾರವೇ ಚರ್ಚಿನ ಬಾಗಿಲಲ್ಲಿ ನಾಲ್ಕು ಜನರ ಮುಂದೆ ಹೇಳಿದಳು, ನನ್ನ ತಂಗಿ ಮರಕ್ಕೆ ವಿಷ ಹಾಕ್ತಿದ್ದಾಳೆ, ಕಣ್ಣಾರೆ ಕಂಡಿದ್ದೀನಿ, ನಾಲ್ಕು ಜನ ಎಂದರೆ ನಲವತ್ತು ಮನೆ, ತಂಗಿಯ ಬಾಗಿಲಿಗೆ ಹೊಲಿಗೆ ಬರುವುದು ಕಮ್ಮಿಯಾಯಿತು ಎಂದೂ ಕೇಳಿದಳು, ಕಮ್ಮಿಯಾಗಲಿ ಎಂದುಕೊಂಡಳು, ಅಂದುಕೊಂಡಳಾ, ಹೌದು, ಅಂದುಕೊಂಡಳು, ದೇವರೇ.

ಹೊಸ ಫಾದರ್ ಬೇರೆ, ಪೂಜೆಯ ಉಪದೇಶದಲ್ಲಿ, ಬಾಯಲ್ಲಿ ಹೇಳಿ ಮುಗಿಸಿದ್ದು ಅರ್ಧ ಪ್ರಾರ್ಥನೆ, ಉಳಿದರ್ಧ ಕೈಯಲ್ಲಿ ಮಾಡ್ಬೇಕು, ದೇವರು ಮಾಡಿದ ಒಂದು ಜೀವಕ್ಕೆ ನೀರು ಹಾಕಿ, ಮಾತು ಬಿಟ್ಟಿರೋ ಒಬ್ಬರ ಹತ್ತಿರ ಮಾತಾಡಿ, ಎಂದು ಎಲ್ಲರಿಗೂ ಎರಡೆರಡು ಚೀಟಿ ಕೊಟ್ಟರು, ಒಂದರಲ್ಲಿ ಜೀವದ ಹೆಸರು, ಒಂದರಲ್ಲಿ ಮನುಷ್ಯರ ಹೆಸರು ಬರೆದು ಪೀಠದ ಮುಂದಿನ ಬುಟ್ಟಿಗೆ ಹಾಕಿ, ಅಕ್ಕ ಮೊದಲನೆಯದರಲ್ಲಿ ಅಕ್ಷರ ಬೇಡವೆಂದು ಮರವನ್ನೇ ಬರೆದಳು, ಒಂದು ಗೆರೆ, ಮೇಲೊಂದು ಸುತ್ತು, ಎರಡನೆಯದನ್ನು ಖಾಲಿಯಾಗಿಯೇ ನಾಲ್ಕು ಮಡಿಕೆ ಮಡಿಸಿ ಹಾಕಿದಳು, ಮಡಿಸಿದರೆ ದೇವರಿಗೆ ಕಾಣುವುದಿಲ್ಲವೇ ಎಂದು ಆಮೇಲೆ ಹೊಳೆಯಿತು. ಅವತ್ತೇ ಆದದ್ದು ಅದು, ಎಂಟು ವಾರದ ಹಿಂದೆ, ಪೂಜೆಯ ನಡುವೆ ಫಾದರ್ ಒಬ್ಬರಿಗೊಬ್ಬರು ಶಾಂತಿ ಹೇಳಿಕೊಳ್ಳಿ ಎಂದಾಗ ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿಯುತ್ತಿದ್ದರು, ಬೆಂಚು ಕಿರುಗುಟ್ಟುವ ಸದ್ದು, ಕೆಮ್ಮು, ನಗು, ತಂಗಿ ಯಾವಾಗಲೂ ಆಚೆ ಸಾಲಿನಲ್ಲಿ ಕೂರುವವಳು ನಡುವಿನ ದಾರಿ ದಾಟಿ ಬಂದು ಎದುರು ನಿಂತಳು, ಕೈ ಚಾಚಿದಳು, ಬೆಳಗ್ಗೆಯವರೆಗೂ ಹೊಲಿಯುತ್ತಿದ್ದಳೋ ಏನೋ, ಸೂಜಿ ಚುಚ್ಚದ ಹಾಗೆ ನಡುಬೆರಳಿಗೆ ಹಾಕುವ ತಗಡಿನ ಟೋಪಿ ತೆಗೆಯಲು ಮರೆತಿದ್ದಳು, ಅದರ ಮೈಯೆಲ್ಲಾ ಚಿಕ್ಕ ಚಿಕ್ಕ ಗುಳಿ, ಮೇಣದಬತ್ತಿಯ ಬೆಳಕು ಆ ಗುಳಿಗಳಲ್ಲಿ ಕೂತು ನಡುಗುತ್ತಿತ್ತು, ಶಾಂತಿ ಅಕ್ಕಾ, ಎಂದಳು, ಅಷ್ಟೇ, ಅಕ್ಕ ತನ್ನ ಎರಡೂ ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇರಲಿಲ್ಲ. ಆ ತಗಡಿನ ಟೋಪಿಯ ಬೆಳಕು ಮಾತ್ರ, ಕಣ್ಣು ಮುಚ್ಚಿದರೆ ಇದೆ, ಬಟ್ಟೆ ಹಿಂಡಿದರೆ ಇದೆ.

ಗಾಡಿಯ ಸದ್ದು, ಬಂತೇ, ಅಥವಾ ಬ್ರೆಡ್ ಗಾಡಿಯೋ — ಅರ್ಧ ಎತ್ತಿದ್ದ ಬೋಗುಣಿಯನ್ನು ಬಾಗಿಲಲ್ಲೇ ಇಳಿಸಿ ಅಕ್ಕ ಕಿಟಕಿಯ ಹತ್ತಿರ ಹೋದಳು, ಏನೂ ಕಾಣಲಿಲ್ಲ, ಗೋಡೆಯಾಚೆ ಯಾರೋ ಪೆಟ್ಟಿಗೆ ಎಳೆಯುವ ಸದ್ದು, ನಿಧಾನ, ನಿಧಾನ, ಮೂಲೆ ಒಡೆಯುತ್ತೆ, ಅದು ತಂಗಿಯ ದನಿ, ಹೋಗಲಿ, ಹೋದರೆ ಹೋಗಲಿ, ಮರಕ್ಕೆ ನೆಮ್ಮದಿ, ತಿರುಗಿ ಬಗ್ಗಿ ಬೋಗುಣಿ ಹಿಡಿದಳು, ಹೆಬ್ಬೆರಳಿಗೆ ಚಕ್ಕೆ ಸಿಕ್ಕಿತು, ಸರಿ, ಇದೇ — ಆದರೆ ಬೋಗುಣಿ ಇಳಿಸಿದ್ದು ಬಾಗಿಲಲ್ಲಿ, ಇದು ನಲ್ಲಿಯ ಕೆಳಗಿನದು. ಇದು ಅದಲ್ಲ. ಬಾಗಿಲಿಗೆ ಹೋದಳು, ಅಂಚು ಮುಟ್ಟಿದಳು, ಚಕ್ಕೆ ಇದೆ, ನಲ್ಲಿಗೆ ಬಂದಳು, ಚಕ್ಕೆ ಇದೆ, ಮತ್ತೆ ಹೋದಳು, ಮತ್ತೆ ಬಂದಳು, ಒಂದು ಬೋಗುಣಿಗೆ ಚಕ್ಕೆ ಎದ್ದದ್ದು ಅಮ್ಮನ ಕಾಲದಲ್ಲಿ, ಮೊದಲ ನೀರಿನದು ಎಂದು ಗುರುತೇ ಅದು, ಎರಡನೆಯದು ನುಣ್ಣಗೆ, ಮೊಟ್ಟೆಯ ಹಾಗೆ ನುಣ್ಣಗಿತ್ತು, ಇದಕ್ಕೆ ಯಾವಾಗ — ಮೆಟ್ಟಿಲು. ಹಿಂದಿನ ಚಳಿಗಾಲ, ಹೊರಗಿನ ಕಲ್ಲು ಮೆಟ್ಟಿಲ ಮೇಲೆ ಕೈ ಜಾರಿ ಖಾಲಿ ಬೋಗುಣಿ ಬಿದ್ದು ಢಣ್ ಎಂದು ಉರುಳಿ ಉರುಳಿ ಹೋಗಿತ್ತು, ಗೋಪುರದ ಮೇಲಿನಿಂದ ಗಂಟೆಯಜ್ಜ, ಏನಕ್ಕಾ, ನನ್ನ ಕೆಲಸಕ್ಕೂ ಕೈ ಹಾಕಿದ್ಯಾ, ಎಂದು ಕೂಗಿ ನಕ್ಕಿದ್ದ, ಇವಳೂ ನಕ್ಕು ಎತ್ತಿಕೊಂಡು ಬಂದಿದ್ದಳು, ಅಂಚು ನೋಡಿರಲಿಲ್ಲ, ಆವತ್ತಿನಿಂದ, ಹಾಗಾದರೆ ಆವತ್ತಿನಿಂದ, ಬಟ್ಟೆ ಒಣಹಾಕಿ ಒಳಗೆ ಬಂದಾಗ ಮೊದಲು ಕೈಗೆ ಸಿಗುವುದು ಬಾಗಿಲ ಪಕ್ಕದ್ದು, ಬಾಗಿಲ ಪಕ್ಕದಲ್ಲಿ ಇಡುವುದು ಬ್ಲೀಚಿಂಗಿನದು, ಹೆಬ್ಬೆರಳು ಮುಟ್ಟಿತು, ಚಕ್ಕೆ ಇದೆ ಎಂದಿತು, ಇವಳು ಎತ್ತಿದಳು, ಮರದ ಬುಡಕ್ಕೆ — ಮೂಗು ಹೇಳಬೇಕಿತ್ತಲ್ಲ, ಮೂಗನ್ನು ಆ ಬ್ಲೀಚಿಂಗ್ ಪುಡಿಯೇ ಯಾವಾಗಲೋ ತಿಂದುಹಾಕಿದೆ, ಅಕ್ಕ ಬಾಗಿಲ ಬೋಗುಣಿಯಲ್ಲಿ ಬೆರಳದ್ದಿ ನಾಲಗೆಗೆ ಹಚ್ಚಿಕೊಂಡಳು. ಸುಟ್ಟಿತು. ನಾಲಗೆ ತೋರ್ಸೇ. ಒಂದು ವರ್ಷ, ಸೋಮವಾರ ಸೋಮವಾರ, ನಾನೇ, ಮರಕ್ಕೆ ವಿಷ, ಚರಂಡಿಗೆ ಅವನ ರಕ್ತದ ಹನಿ, ಎರಡನ್ನೂ ನನ್ನ ಕೈಯಿಂದಲೇ, ಬಾಯಲ್ಲಿ ಪ್ರಾರ್ಥನೆ ಹೇಳುತ್ತಾ ಹೇಳುತ್ತಾ.

ಈಗ ಏನು ಮಾಡಬೇಕು, ಕೂರಬೇಕೋ ನಿಲ್ಲಬೇಕೋ, ಬೋಗುಣಿ ಎಲ್ಲಿ ಚೆಲ್ಲಬೇಕು, ಯಾವುದನ್ನು ಎಲ್ಲಿಗೆ, ಚೆಲ್ಲಬೇಡ, ಯಾವುದನ್ನೂ ಮುಟ್ಟಬೇಡ, ಹೇಳಿಬಿಡಬೇಕು, ಯಾರಿಗೆ, ಫಾದರಿಗೆ ಹೇಳಿದರೆ ನಾಳೆಯೇ ಮಷೀನು, ಅಮ್ಮಾ ಪರವಾಗಿಲ್ಲ ಕಣ್ಣು ಕಾಣದಿದ್ದರೆ ಯಾರಾದ್ರೂ ಹೀಗೇ ಮಾಡ್ತಾರೆ ಎನ್ನುತ್ತಾರೆ, ಕರುಣೆಯಿಂದಲೇ ಕೆಲಸ ಕಿತ್ತುಕೊಳ್ಳುತ್ತಾರೆ, ಸುಮ್ಮನಿದ್ದರೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ತಂಗಿ ಎಂಟಕ್ಕೆ ಹೋಗುತ್ತಾಳೆ, ವಿಷ ಹಾಕಿದವಳು ಹೋದಳು ಎಂದುಕೊಳ್ಳುತ್ತಾರೆ, ನಾನು ನಾಳೆಯಿಂದ ಸರಿಯಾದ ನೀರು ಹುಯ್ತೇನೆ, ಮರ ಚಿಗುರುತ್ತದೆ, ನೋಡಿದ್ರಾ ಅವಳು ಹೋದ ಮೇಲೆ ಚಿಗುರಿತು ಎನ್ನುತ್ತಾರೆ — ಛೀ, ಛೀ, ಈ ಯೋಚನೆ ಎಲ್ಲಿ ಅಡಗಿ ಕೂತಿತ್ತು, ಇಷ್ಟು ವರ್ಷ ಬೇರೆಯವರ ಕಲೆ ತೊಳೆದದ್ದೇ ಬಂತು. ಆದರೆ ಆ ಕೊಡ, ಗೋಡೆಯ ಮೇಲಿನ ಕೊಡ, ಅದನ್ನು ನಾನು ಕಂಡದ್ದು ನಿಜವಲ್ಲವೇ, ಅವಳು ಏನು ಸುರಿದಳು, ಇಬ್ಬರೂ ವಿಷ ಹಾಕಿದೆವೇ, ಅಕ್ಕನೊಂದು ಕಡೆಯಿಂದ ತಂಗಿಯೊಂದು ಕಡೆಯಿಂದ, ತಲೆ ಕೆಟ್ಟು ಮೊಸರಾಗಿದೆ, ಇನ್ನೂ ಏನೋ ಇತ್ತಲ್ಲ, ಅದಕ್ಕೂ ಮುಂಚೆ, ಎಲೆ ಹಳದಿಯಾಗುವ ಮುಂಚೆಯೇ ಒಂದು ದಿನ ಗೋಡೆಯಾಚೆಯಿಂದ ತಂಗಿ, ಅಕ್ಕಾ, ಏನು ಸುರೀತಿದ್ದೀಯಾ, ನೋಡ್ಕೊಂಡು ಸುರಿ, ಎಂದಿದ್ದಳು, ನಲವತ್ತು ವರ್ಷದ ಕೆಲಸವನ್ನು ನನಗೆ ಕಲಿಸಲು ಬಂದಳು ಎಂದು ಮೈಯೆಲ್ಲಾ ಉರಿದು, ನನ್ನ ಕಣ್ಣು ನೆಟ್ಟಗಿದೆ, ನೀನು ನಿನ್ನ ಸೂಜಿ ನೋಡ್ಕೋ ಹೋಗು, ಎಂದಿದ್ದೆ — ನೋಡ್ಕೊಂಡು ಸುರಿ ಅಂದಳು. ಅವಳು ಕಂಡಿದ್ದಳು. ಆ ಕಡೆಯ ಮೂಗು ಇನ್ನೂ ಸತ್ತಿರಲಿಲ್ಲ. ಅಕ್ಕ ಹೊರಗೆ ಬಂದಳು, ಗೋಡೆಯ ನಡುವಿನ ಚಿಕ್ಕ ಮರದ ಬಾಗಿಲಿಗೆ ಹೋದಳು, ಅಮ್ಮ ಇದ್ದಾಗ ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತಿದ್ದ ಬಾಗಿಲು, ತಳ್ಳಿದಳು, ಅಲುಗಲಿಲ್ಲ, ಹೇಗೆ ಅಲುಗೀತು, ಹೋದ ಸುಗ್ಗಿಯಲ್ಲಿ ಆರು ಮೊಳೆ ತಂದು ಹೊಡೆದವಳು ತಾನೇ, ಒಂದು ಮೊಳೆ ಸೊಟ್ಟಗಾಗಿ ಹೆಬ್ಬೆರಳಿಗೆ ಏಟು ಬಿದ್ದಾಗ ಅದಕ್ಕೂ ತಂಗಿಯನ್ನೇ ಬೈದಿದ್ದಳು, ಅಮ್ಮಣ್ಣೀ, ಎಂದು ಕೂಗಿದಳು, ತಂಗಿಯನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ, ದನಿ ಗೋಡೆ ದಾಟಲಿಲ್ಲ, ಆ ಕಡೆ ಗಾಡಿಯ ಬಾಗಿಲು ಹಾಕಿದ ಸದ್ದು. ಸುತ್ತಿ ಹೋಗಬೇಕು, ಅಂಗಳ, ಮುಂಬಾಗಿಲು, ಬೀದಿ, ಬೇಕರಿಯ ಮೂಲೆ, ಆಮೇಲೆ ಅವಳ ಬೀದಿ, ಎಳೆಯ ಕಾಲಿಗೆ ನಾಲ್ಕು ನಿಮಿಷ, ನಿನ್ನ ಕಾಲು ನೋಡಿದ್ರೆ ಪುನರುತ್ಥಾನದ ದಿನಕ್ಕೂ ತಡವಾಗಿ ಬರ್ತೀಯಾ ಎಂದು ಗಂಟೆಯಜ್ಜ ತಮಾಷೆ ಮಾಡುತ್ತಾನೆ, ನಡಿ, ಗೋಡೆ ಹಿಡಿದು ನಡಿ, ಪರಲೋಕದಲ್ಲಿರುವ ನಮ್ಮ ತಂದೆಯೇ, ಹೆಜ್ಜೆಗೊಂದು ಮಾತು, ಬೇಕರಿಯವನು ಏನಮ್ಮಾ ಇಷ್ಟು ಅವಸರ ಎಂದ, ಉತ್ತರ ಕೊಟ್ಟರೆ ಹೆಜ್ಜೆ ತಪ್ಪುತ್ತದೆ, ನಮ್ಮ ತಪ್ಪುಗಳನ್ನು, ನಮಗೆ ತಪ್ಪು ಮಾಡಿದವರನ್ನು — ಯಾರು ಯಾರಿಗೆ ಮಾಡಿದರು, ಇಷ್ಟು ದಿನ ಹಾರಿಸುತ್ತಿದ್ದ ಸಾಲು ತಲೆಕೆಳಗಾಗಿ ಮಲಗಿದೆ, ಯಾವ ತುದಿಯಿಂದ ಹಿಡಿದು ಹೇಳಬೇಕೆಂದೇ ತಿಳಿಯದು, ಮೂಲೆ ತಿರುಗುವಾಗ ತಲೆಯ ಮೇಲೆ ಒಂದು, ಎರಡು, ಮೂರು, ನಿಲ್ಲಿಸಪ್ಪಾ ಅಜ್ಜಾ, ನಾಲ್ಕು, ಐದು, ಹಗ್ಗ ಬಿಡು, ಆರು, ಏಳು.

ಮನೆಯ ಮುಂದೆ ಮುಟ್ಟುವಷ್ಟರಲ್ಲಿ ಬೀದಿ ಖಾಲಿ. ಗಾಡಿ ನಿಂತಿದ್ದ ಜಾಗದಲ್ಲಿ ಒಂದು ತುಂಡು ದಾರ, ಬಿಳಿಯದು, ಮುಂಬಾಗಿಲಿಗೆ ಬೀಗ, ಪಕ್ಕದ ಓಣಿಯಿಂದ ಹಿತ್ತಲಿಗೆ ದಾರಿಯಿದೆ, ಹೋದಳು, ಯಾಕೆ ಹೋದಳೋ, ಯಾರಿಲ್ಲವೆಂದು ಗೊತ್ತಿದ್ದೂ, ಹಿತ್ತಲಿನಲ್ಲಿ ಗೋಡೆಗೆ ಒರಗಿಸಿದ ಸ್ಟೂಲು, ಹೊಲಿಗೆ ಮಷೀನಿನ ಮುಂದೆ ಹಾಕಿಕೊಳ್ಳುತ್ತಿದ್ದದ್ದು, ಕಾಲು ಸವೆದು ಒಂದು ಕಡೆ ವಾಲಿದೆ, ಅದರ ಮೇಲೆ ಕವುಚಿಟ್ಟ ಕೊಡ, ಕೊಡದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಗೋಡೆಯ ಮೈ ಉದ್ದಕ್ಕೂ ಒದ್ದೆ, ಇವತ್ತಿನದು, ಅಕ್ಕ ಕೊಡದ ಅಂಚಿಗೆ ಬೆರಳೊಡ್ಡಿ ನಾಲಗೆಗೆ ಹಚ್ಚಿಕೊಂಡಳು, ಸಾದಾ ನೀರು, ಬಾವಿಯ ನೀರು, ತಣ್ಣಗೆ. ಹಿಂದಿನಿಂದ ಕೆಮ್ಮು, ಗೋಪುರದಿಂದ ಇಳಿದ ಏದುಸಿರು ಇನ್ನೂ ಆರದ ಗಂಟೆಯಜ್ಜ, ಬೀಗದ ಕೈ ಬೆರಳಲ್ಲಿ ಆಡಿಸುತ್ತಾ, ಬಂದ್ಯಾ, ಎಂದ, ಇನ್ನೈದು ನಿಮಿಷ ಮುಂಚೆ ಬರೋಕೇನಾಗಿತ್ತೇ, ಕಾದಳು, ಗಾಡಿಯವನು ಬೈದದ್ದು ಗೋಪುರಕ್ಕೇ ಕೇಳಿಸ್ತು, ಆದ್ರೂ ಎಂಟು ಹೊಡೀಲಿ ಆಮೇಲೆ ಹೊರಡೋಣ ಅಂದ್ಲು. ಅಕ್ಕನ ಬಾಯಿಂದ ಬಂದದ್ದು ಬೇರೆಯೇ, ಈ ಕೊಡ ಯಾಕಜ್ಜಾ, ಇದ್ಯಾತಕ್ಕೆ, ಅವನು ತಲೆ ಕೆರೆದುಕೊಂಡ, ಮೇಲಿನಿಂದ ನನಗೆ ಗೋಡೆಯ ಎರಡೂ ಕಡೆ ಕಾಣುತ್ತಲ್ಲಕ್ಕಾ, ನೀನು ಬೋಗುಣಿ ಚೆಲ್ಲಿ ಒಳಗೆ ಹೋಗ್ತೀಯಾ, ಅವಳು ಸ್ಟೂಲು ಹತ್ತಿ ಹನ್ನೆರಡು ಕೊಡ, ಎಣಿಸಿದ್ದೀನಿ, ಹನ್ನೆರಡು ಕೊಡ ನೀರು ಬುಡಕ್ಕೆ ಹುಯ್ತಾಳೆ, ಆ ಖಾರದ ನೀರು ಆಳಕ್ಕೆ ಇಳಿದು ಹೋಗ್ಲಿ, ಬೇರು ಸುಡಬಾರ್ದು ಅಂತ, ಹೋದ ಬೇಸಿಗೆಯಿಂದ ಒಂದು ಸೋಮವಾರ ತಪ್ಪಿಸಿಲ್ಲ, ಇವತ್ತು ನೀನು ಚೆಲ್ಲೋ ಮುಂಚೆ ಹೊರಡಬೇಕಲ್ಲ, ಮೊದಲೇ ಹುಯ್ದು ಹೋದ್ಲು, ಮುಂದಿನ ಸೋಮವಾರದಿಂದ ನಾನು ಹುಯ್ಯಬೇಕು ಅಂತ ಈ ಬೀಗದ ಕೈ ಕೊಟ್ಟಿದ್ದಾಳೆ, ನನ್ನ ಸೊಂಟದ ಗತಿ ಆ ದೇವರಿಗೇ ಗೊತ್ತು. ನೀನ್ಯಾಕೆ ಹೇಳ್ಲಿಲ್ಲ ನನಗೆ, ಅವಳ್ಯಾಕೆ ಹೇಳ್ಲಿಲ್ಲ, ಊರೆಲ್ಲಾ ಅವಳನ್ನು — ಹೇಳ್ಬೇಡ ಅಂದ್ಲು, ಆಣೆ ಹಾಕಿಸ್ಕೊಂಡ್ಲು, ಅಕ್ಕನ ಕಣ್ಣು ಹೋಗಿದೆ, ಗೊತ್ತಾದ್ರೆ ಫಾದರ್ ಕೆಲಸ ಬಿಡಿಸ್ತಾರೆ, ಆ ಬಟ್ಟೆ ಒಗೆಯೋದು ತಪ್ಪಿದ್ರೆ ಅವಳು ಬದುಕಲ್ಲ, ನಂಗೆ ಬಂದ ಕೆಟ್ಟ ಹೆಸರು ಊರು ಬಿಟ್ರೆ ಹೋಗುತ್ತೆ, ಅವಳೆಲ್ಲಿಗೆ ಹೋಗ್ತಾಳೆ, ಅಂದ್ಲು, ಅಜ್ಜ ಇನ್ನೂ ಏನೋ ಹೇಳುತ್ತಿದ್ದ, ನೋಡು ಈ ಕಡೆ ಕೊಂಬೆ, ಮೂರು ಕಣ್ಣು ಬಿಟ್ಟಿದೆ, ಹಸಿರು, ಮುಟ್ಟಿ ನೋಡು ನಿನಗೆ ಕಾಣದಿದ್ರೆ, ಅಕ್ಕ ಕೈ ಎತ್ತಿದಳು, ಕೊಂಬೆ ತಗ್ಗಿನಲ್ಲೇ ಇತ್ತು, ಹೆಬ್ಬೆರಳಿಗೆ ಚಿಗುರಿನ ತುದಿ ಸಿಕ್ಕಿತು, ಒದ್ದೆ, ಅಕ್ಕಿಕಾಳಿನಷ್ಟು, ಸಿಕ್ಕಿತು, ಆದರೆ ಹೆಬ್ಬೆರಳನ್ನು ಇನ್ನು ನಂಬುವುದೋ ಬಿಡುವುದೋ, ಒಗೆಯುವ ಕೋಣೆಯಲ್ಲಿ ಎರಡು ಬೋಗುಣಿ ತುಂಬಿ ಕೂತಿವೆ, ಫಾದರಿಗೆ ಹೇಳಬೇಕು, ಹೇಳಿದರೆ ಅವಳು ಒಂದು ವರ್ಷ ಹೊತ್ತದ್ದು ವ್ಯರ್ಥ, ಹೇಳದಿದ್ದರೆ ಅವಳ ಮೇಲಿನ ಮಾತು ಹಾಗೇ, ಯಾವುದು ಪ್ರಾರ್ಥನೆ, ಯಾವ ನೀರು ಯಾವ ಮಣ್ಣಿಗೆ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಶುರುಮಾಡಿದಳು, ಮುಂದಿನ ಸಾಲು ಬರಲಿಲ್ಲ, ಸಾಲಿನ ಜಾಗದಲ್ಲಿ ಒಂದು ಕೈ, ಬೆಂಚುಗಳ ನಡುವೆ ಚಾಚಿದ್ದು, ನಡುಬೆರಳಲ್ಲಿ ತಗಡಿನ ಟೋಪಿ, ಅದರ ಚಿಕ್ಕ ಚಿಕ್ಕ ಗುಳಿಗಳಲ್ಲಿ ಮೇಣದಬತ್ತಿಯ ಬೆಳಕು, ಶಾಂತಿ ಅಕ್ಕಾ, ಅಕ್ಕ ಶಾಲು ಸರಿಸಿ ಎರಡೂ ಕೈ ಹಿತ್ತಲಿನ ಗಾಳಿಗೆ ಚಾಚಿ ನಿಂತಳು, ತಂಗಿ ಹೋದದ್ದು ಸೋಮವಾರ, ಎಂಟು ಹೊಡೆದ ಮೇಲೆ, ಆ ಕೈ, ಆ ತಗಡಿನ ಟೋಪಿ, ಇನ್ನೂ ಚಾಚಿಕೊಂಡೇ —